ಹಳೆಯ ಕಾವ್ಯ, ಹೊಸ ಮುಖ

ಮರದ ಹಲಗೆಯಲ್ಲಿ ಚಿತ್ರ ಕೊರೆದು, ಬಣ್ಣ ಸವರಿ, ಕಾಗದದ ಮೇಲೆ ಒತ್ತುವ ಜಪಾನಿನ ಮುದ್ರಣಕಲೆಯಲ್ಲಿ, ಹಳೆಯ ಸಾಹಿತ್ಯದ ಪ್ರಸಂಗವನ್ನು ಸಮಕಾಲೀನ ವೇಷದಲ್ಲಿ ತೋರಿಸುವ ಚೇಷ್ಟೆಯ ಚಿತ್ರಗಳಿಗೆ 'ಮಿತಾತೆ' ಎನ್ನುತ್ತಾರೆ. ಸುಜುಕಿ ಹರುನೊಬು 1766ರ ಸುಮಾರಿಗೆ ರಚಿಸಿದ ಸರಣಿಯೊಂದರಲ್ಲಿ ಚೀನೀ ಕಾವ್ಯಪರಂಪರೆಯ ಎಂಟು ನಿಸರ್ಗದೃಶ್ಯಗಳು ಮನೆಯೊಳಗೆ ಬಂದಿದ್ದು, ಸಂಜೆಯ ಗುಡಿಗಂಟೆಯ ಜಾಗದಲ್ಲಿ ಗಡಿಯಾರವೂ, ಇಳಿಯುವ ಹೆಬ್ಬಾತುಗಳ ಸಾಲಿನ ಜಾಗದಲ್ಲಿ ಕೊಟೊ ಎಂಬ ವಾದ್ಯದ ತಂತಿ ಹೊರುವ 'ಕುದುರೆ'ಗಳೂ ನಿಂತಿವೆ. ಮೂಲ ಗೊತ್ತಿದ್ದವರಿಗಷ್ಟೇ ಈ ಒಗಟು ಬಿಡಿಸಲು ಬರುತ್ತದೆ.

ಹಳೆಯ ಕಾವ್ಯಕ್ಕೆ ತನ್ನ ಕಾಲದ ವೇಷ ತೊಡಿಸುವ ಈ ಬಗೆಗೆ ಕಲಬುರಗಿ ಜಿಲ್ಲೆಯಲ್ಲಿ ಹತ್ತಿರದ ನಿದರ್ಶನವೆಂದರೆ, ಕಲಬುರಗಿಯಲ್ಲೇ 1916ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಹೆಸರಾದ ಎಸ್. ಎಂ. ಪಂಡಿತರ ಕ್ಯಾಲೆಂಡರ್ ಚಿತ್ರಗಳು. 'ಫಿಲ್ಮ್‌ಇಂಡಿಯಾ' ಪತ್ರಿಕೆಯ ಮುಖಪುಟಗಳನ್ನೂ ಸಿನಿಮಾ ಪ್ರಚಾರಚಿತ್ರಗಳನ್ನೂ ಬರೆದ ಕೈಯೇ ಪುರಾಣ ಮತ್ತು ಸಂಸ್ಕೃತ ಕಾವ್ಯಗಳ ನಾಯಿಕೆಯರನ್ನೂ ಬರೆದುದರಿಂದ, ಅವರ ಶಕುಂತಲೆಯ ಮೈಮೇಲೆ ಆಶ್ರಮದ ಬಿಸಿಲಿಗಿಂತ ಸ್ಟುಡಿಯೋ ದೀಪದ ಬೆಳಕೇ ಹೆಚ್ಚು ಬಿದ್ದಂತಿದೆ. ಹರುನೊಬುವಿನದು ತಿಳಿದೇ ಆಡಿದ ಆಟ. ಪಂಡಿತರದು ಬಹುಶಃ ಆಟವಲ್ಲ, ಕಾಲದ ಕಣ್ಣು. ಮುದ್ರಣಕ್ಕೆ ಒಗ್ಗುವ, ನೀರಿನಲ್ಲಿ ಕದಡುವ ದಟ್ಟ ಬಣ್ಣವಾದ ಗ್ವಾಶ್‌ನಲ್ಲಿ ಅವರು ನಿಷ್ಣಾತರಾಗಿದ್ದು, ಈ ಚಿತ್ರಗಳು ಒಗಟು ಬಿಡಿಸುವ ರಸಿಕರ ಕೂಟವನ್ನು ಕಾಯದೆ, ಅಚ್ಚಾಗಿ ಸಾಮಾನ್ಯರ ಮನೆಯ ಗೋಡೆಗಳಿಗೇ ತಲುಪಿದವು.