‘ಕ್ಲೀನ್ ಮಾಡು’ ಅಂದ್ರೆ ಏನು? ಎಐ ಏಜೆಂಟ್‌ಗೆ ಟೂಲ್ ವಿವರಣೆ ಬರೆಯೋದು ಹೇಗೆ

ನಮ್ಮ ಮಿನಿ ಪ್ರಾಜೆಕ್ಟ್ ಟೀಮಿನಲ್ಲಿ ನಾಲ್ಕು ಜನ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಒಂದೊಂದು ಊರಿಂದ ಒಬ್ಬೊಬ್ಬರು. ರೇಷ್ಮೆ ಗೂಡಿನ ಫೋಟೋ ನೋಡಿ ಒಳ್ಳೆ ಗೂಡು, ಕಳಪೆ ಗೂಡು ಅಂತ ಬೇರೆ ಮಾಡೋ ಪ್ರೋಗ್ರಾಂ ನಮ್ಮ ಪ್ರಾಜೆಕ್ಟು. ಫೋಟೋಗಳನ್ನು ನಮ್ಮ ನಮ್ಮ ಊರಲ್ಲಿ ನಾವೇ ತೆಗೆದಿದ್ವಿ. ಫೈಲ್‌ಗಳನ್ನು ಜೋಡಿಸೋಕೆ ಒಂದು ಎಐ ಏಜೆಂಟ್ ಮಾಡಿ, ಅದಕ್ಕೆ ಬೇಕಾದ ಟೂಲ್‌ಗಳನ್ನೂ ನಾವೇ ಬರೆದ್ವಿ.

ರಿವ್ಯೂ ಹಿಂದಿನ ರಾತ್ರಿ ಏಜೆಂಟ್‌ಗೆ ಹೇಳಿದ್ದು ಇಷ್ಟೇ: “ರಾಮನಗರ ಫೋಟೋ ಕ್ಲೀನ್ ಮಾಡು.” ಮಸುಕಾದ ಫೋಟೋ ತೆಗೆದುಹಾಕಲಿ ಅನ್ನೋದು ನಮ್ಮ ಮನಸ್ಸಲ್ಲಿತ್ತು. ಅರ್ಧ ನಿಮಿಷದಲ್ಲಿ ನಾಲ್ಕೂ ಊರಿನ ಫೋಟೋ ಖಾಲಿ! ಮೂವರ ಫೋಟೋ ಅವರವರ ಫೋನಲ್ಲಿ ಉಳಿದಿದ್ವು. ಮಾಗಡಿಯವನದು ಇರಲಿಲ್ಲ, ಜಾಗ ಸಾಲದೆ ಅಳಿಸಿಬಿಟ್ಟಿದ್ದ. ಅವು ಅವನ ಮನೆಯ ಚಂದ್ರಿಕೆಯಲ್ಲಿ ತೆಗೆದ ಫೋಟೋಗಳು. ಅಷ್ಟರಲ್ಲಿ ಗೂಡು ಬಿಡಿಸಿ ಮಾರಿಯೂ ಆಗಿತ್ತು. ಮತ್ತೆ ತೆಗೀಬೇಕಂದ್ರೆ ಇನ್ನೊಂದು ಬೆಳೆ ಬರಬೇಕು, ಅಂದ್ರೆ ಹೆಚ್ಚುಕಡಿಮೆ ಒಂದು ತಿಂಗಳು.

ಏಜೆಂಟ್‌ಗೆ ಬೈದು ಪ್ರಯೋಜನ ಇರಲಿಲ್ಲ. ತಪ್ಪು ನಾವೇ ಬರೆದ ಒಂದು ಸಾಲಿನಲ್ಲಿತ್ತು.

ಏಜೆಂಟ್‌ಗೆ ಕಾಣೋದು ಏನು?

ಟೂಲ್ ಅಂದ್ರೆ ಏಜೆಂಟ್ ಕರೆಯಬಹುದಾದ ಒಂದು ಫಂಕ್ಷನ್. ಆದರೆ ಅದರ ಒಳಗಿನ ಕೋಡ್ ಸಾಮಾನ್ಯವಾಗಿ ಮಾಡೆಲ್‌ಗೆ ಕಾಣಲ್ಲ. ಕಾಣೋದು ಮುಖ್ಯವಾಗಿ ಮೂರು: ಟೂಲಿನ ಹೆಸರು, ವಿವರಣೆ, ಕೊಡಬೇಕಾದ ಇನ್‌ಪುಟ್‌ಗಳ ಪಟ್ಟಿ. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲೂ ಟೂಲ್‌ಗಳನ್ನು ಮಾಡೆಲ್‌ಗೆ ಪರಿಚಯಿಸೋದು ಸಾಮಾನ್ಯವಾಗಿ ಹೀಗೇ.

ನಮ್ಮ ಟೂಲಿನ ಹೆಸರು ‘ಕ್ಲೀನ್’. ವಿವರಣೆ: “ಫೋಲ್ಡರ್ ಕ್ಲೀನ್ ಮಾಡುತ್ತದೆ.” ಅದರ ಕೋಡನ್ನು ನಾವು ಬರೆದದ್ದು ಟೆಂಪರರಿ ಫೋಲ್ಡರ್ ಖಾಲಿ ಮಾಡೋಕೆ. ಕೊಟ್ಟ ಫೋಲ್ಡರ್‌ನಲ್ಲಿ ಇರೋದನ್ನೆಲ್ಲ, ಸಬ್‌ಫೋಲ್ಡರ್ ಸಮೇತ, ಅಳಿಸಿಬಿಡುತ್ತೆ. ಅದು ನಮಗೆ ಗೊತ್ತಿತ್ತು. ಏಜೆಂಟ್‌ಗೆ ಯಾರೂ ಹೇಳಿರಲಿಲ್ಲ.

ಯಾವ ರಾಮನಗರ?

ಎರಡನೇ ಎಡವಟ್ಟು ಫೋಲ್ಡರ್ ಹೆಸರಿನದು. ಎಲ್ಲಕ್ಕಿಂತ ಮೇಲಿನ ಫೋಲ್ಡರ್‌ಗೆ ಜಿಲ್ಲೆಯ ಲೆಕ್ಕದಲ್ಲಿ ‘ರಾಮನಗರ’ ಅಂತ ಹೆಸರಿಟ್ಟಿದ್ವಿ. ಅದರೊಳಗೆ ನಾಲ್ಕು ಊರಿನ ಫೋಲ್ಡರ್, ಅದರಲ್ಲೂ ಒಂದು ‘ರಾಮನಗರ’. ಏಜೆಂಟ್ ಮೇಲಿನದನ್ನು ಆರಿಸಿತು.

ನಮ್ಮ ಕಡೆಯವರಿಗೆ ಈ ಗೊಂದಲ ಹೊಸದಲ್ಲ. ಹಿಂದೆ ಕ್ಲೋಸ್‌ಪೇಟೆ ಆಗಿದ್ದ ಊರು ರಾಮನಗರ ಆಯ್ತು. 2007ರಲ್ಲಿ ಅದೇ ಹೆಸರಲ್ಲಿ ಜಿಲ್ಲೆಯೂ ಆಯ್ತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತ ಬದಲಾಯ್ತು, ಊರು ಮಾತ್ರ ರಾಮನಗರವಾಗೇ ಉಳೀತು. ಇನ್ನು ಬೆಂಗಳೂರು ದಕ್ಷಿಣ ಅನ್ನೋ ಹೆಸರಲ್ಲಿ ಬೇರೆ ತಾಲ್ಲೂಕೂ ಇದೆ, ಲೋಕಸಭಾ ಕ್ಷೇತ್ರವೂ ಇದೆ! ನಾವಾದ್ರೆ “ಊರಾ, ಜಿಲ್ಲೆನಾ?” ಅಂತ ಕೇಳ್ತೀವಿ. ಏಜೆಂಟ್ ಎಷ್ಟೋ ಸಲ ಕೇಳಲ್ಲ, ಊಹಿಸಿಬಿಡುತ್ತೆ.

ಈಗ ಹೇಗೆ ಬರೆದಿದ್ದೀವಿ

‘ಕ್ಲೀನ್’ ತೆಗೆದು ಎರಡು ಟೂಲ್ ಮಾಡಿದ್ವಿ. ಮೊದಲನೆಯದು ‘ಮಸುಕು ಫೋಟೋ ಪಟ್ಟಿ ಮಾಡು’. ಅದರ ವಿವರಣೆ ಹೀಗಿದೆ:

“ಒಂದು ತಾಲ್ಲೂಕಿನ ಫೋಲ್ಡರ್‌ನಲ್ಲಿರುವ ಮಸುಕಾದ ಫೋಟೋಗಳ ಪಟ್ಟಿ ಕೊಡುತ್ತದೆ. ಯಾವ ಫೈಲನ್ನೂ ಬದಲಿಸುವುದಿಲ್ಲ, ಅಳಿಸುವುದಿಲ್ಲ. ಫೋಲ್ಡರ್‌ನ ಪೂರ್ತಿ ಪಾತ್ ಕೊಡಬೇಕು. ಉದಾಹರಣೆ: ‘ಗೂಡು/ಜಿಲ್ಲೆ/ಮಾಗಡಿ ತಾಲ್ಲೂಕು’. ಬಳಕೆದಾರರು ಹೇಳಿದ ಹೆಸರಿಗೆ ಎರಡು ಫೋಲ್ಡರ್ ಹೊಂದಿದರೆ ಊಹಿಸಬೇಡ, ಕೇಳು. ಫೈಲ್ ತೆಗೆಯಲು ‘ಕಸದ ಬುಟ್ಟಿಗೆ ಸರಿಸು’ ಟೂಲ್ ಬಳಸು.”

ಇದರಲ್ಲಿ ಐದು ವಿಷಯ ಇದೆ: ಏನು ಮಾಡುತ್ತೆ, ಏನು ಮಾಡಲ್ಲ, ಇನ್‌ಪುಟ್ ಹೇಗಿರಬೇಕು, ಗೊಂದಲ ಆದ್ರೆ ಏನು ಮಾಡಬೇಕು, ಬೇರೆ ಕೆಲಸಕ್ಕೆ ಯಾವ ಟೂಲ್. ಎರರ್ ಮೆಸೇಜನ್ನೂ ಏಜೆಂಟ್ ಓದುತ್ತೆ ಅನ್ನೋದು ನೆನಪಿರಲಿ. ಬರೀ “ಫೇಲ್ ಆಯ್ತು” ಅನ್ನೋ ಬದಲು “ಈ ಫೋಲ್ಡರ್ ಇಲ್ಲ, ಇರುವ ನಾಲ್ಕು ಇವು” ಅಂತ ಹೆಸರು ಕೊಟ್ರೆ, ಮುಂದಿನ ಸಲ ಸರಿಯಾಗಿ ಕರೆಯೋ ಸಾಧ್ಯತೆ ಜಾಸ್ತಿ.

ವಿವರಣೆ ಬೇಲಿ ಅಲ್ಲ

ಎಷ್ಟೇ ಚೆನ್ನಾಗಿ ಬರೆದ್ರೂ ಮಾಡೆಲ್ ಒಮ್ಮೊಮ್ಮೆ ಅದನ್ನು ಮೀರಬಹುದು. “ಅಳಿಸಬೇಡ” ಅಂತ ಬರೆಯೋದು ಬೋರ್ಡು ಹಾಕಿದ ಹಾಗೆ, ಅಷ್ಟೇ. ಬೇಲಿ ಕೋಡಿನಲ್ಲಿರಬೇಕು. ನಮ್ಮ ಎರಡನೇ ಟೂಲ್ ಫೈಲನ್ನು ಅಳಿಸೋದೇ ಇಲ್ಲ, ಕಸದ ಬುಟ್ಟಿ ಅನ್ನೋ ಫೋಲ್ಡರ್‌ಗೆ ಸರಿಸುತ್ತೆ. ಜಿಲ್ಲೆಯ ಫೋಲ್ಡರ್ ಕೊಟ್ರೆ ಒಪ್ಪಲ್ಲ. ಎಷ್ಟು ಫೈಲ್ ಅಂತ ತೋರಿಸಿ, ನಮ್ಮಲ್ಲೊಬ್ಬರು ಹೂಂ ಅಂದ ಮೇಲೇ ಮುಂದುವರಿಯುತ್ತೆ. ಬ್ಯಾಕಪ್ ಬೇರೆ ಡ್ರೈವ್‌ನಲ್ಲಿದೆ. ಆ ಬುದ್ಧಿ ಬಂದದ್ದು ತಡವಾಗಿ.

ನೀವು ಟೂಲ್ ಬರೆದಾಗ ಒಂದು ಸುಲಭದ ಪರೀಕ್ಷೆ ಮಾಡಿ. ವಿವರಣೆಯನ್ನು ಮಾತ್ರ, ಕೋಡ್ ತೋರಿಸದೆ, ಬೇರೆ ಬ್ರಾಂಚಿನ ಫ್ರೆಂಡಿಗೆ ಕೊಡಿ. ಅವರು ಕೇಳೋ ಒಂದೊಂದು ಪ್ರಶ್ನೆಗೂ ಉತ್ತರವನ್ನು ವಿವರಣೆಯಲ್ಲೇ ಸೇರಿಸಿ. ನಾವು ಹೀಗೆ ಮಾಡಿದಾಗ ಸಿವಿಲ್‌ನ ಗೆಳತಿ ಕೇಳಿದ ಮೊದಲ ಪ್ರಶ್ನೆ: “ಕ್ಲೀನ್ ಅಂದ್ರೆ ಏನ್ರೋ, ಒರೆಸೋದಾ, ಅಳಿಸೋದಾ?”

ಮಾಗಡಿಯವರ ಮನೆಯಲ್ಲಿ ಈಗ ಹೊಸ ಬೆಳೆ ಚಂದ್ರಿಕೆಗೆ ಬಂದಿದೆ. ಈ ಭಾನುವಾರ ನಾಲ್ಕೂ ಜನ ಫೋಟೋ ತೆಗೆಯೋಕೆ ಹೊರಟಿದ್ದೀವಿ.