ಕಾರ್ಟೂನು ಎಂದ ಮಾತ್ರಕ್ಕೆ ಮಕ್ಕಳದ್ದೆಂದು ತಿಳಿಯಬೇಡಿ



ಬೆಳಿಗ್ಗೆ ಮತ್ತು ಸಂಜೆ ಹಾಲು ಕರೆಯುವ ಹೊತ್ತಿನಲ್ಲಿ ಮನೆಯ ದೊಡ್ಡವರೆಲ್ಲ ಕೊಟ್ಟಿಗೆಯಲ್ಲಿರುತ್ತೀರಿ. ಆನಂತರ ಡೇರಿಗೆ ಹೋಗಿ ಹಾಲು ಹಾಕಿ ಬರುವವರೆಗೆ ಮಕ್ಕಳು ರಂಪ ಮಾಡದಿರಲೆಂದು ಟಿ.ವಿ. ಹಾಕುತ್ತೀರಿ, ಇಲ್ಲವೇ ಕೈಗೆ ಮೊಬೈಲು ಕೊಡುತ್ತೀರಿ. "ಕಾರ್ಟೂನು ತಾನೆ, ನೋಡಿಕೊಳ್ಳಲಿ" ಎನ್ನುತ್ತೀರಿ. ಕೆಲಸದ ಒತ್ತಡದಲ್ಲಿ ಇದು ಸಹಜ. ಆದರೆ ಆ ಹೊತ್ತಿನಲ್ಲಿ ಮಗು ಏನು ನೋಡುತ್ತಿದೆ ಎಂಬುದನ್ನು ತಿಳಿದಿರುವುದು ಅಗತ್ಯ.

ಹಾಲು ಬೆಳ್ಳಗಿದೆ ಎಂದು ಸಂಘದಲ್ಲಿ ಸುಮ್ಮನೆ ತೆಗೆದುಕೊಳ್ಳುವುದಿಲ್ಲ. ಜಿಡ್ಡಿನ ಅಂಶ, ಎಸ್.ಎನ್.ಎಫ್. ಪರೀಕ್ಷಿಸುತ್ತಾರೆ. ಹಾಗೆಯೇ ಬಣ್ಣದ ಬೊಂಬೆ ಕುಣಿಯುತ್ತಿದೆ ಎಂದು ಅದು ಮಕ್ಕಳಿಗೆ ತಕ್ಕದ್ದೆಂದು ತೀರ್ಮಾನಿಸಬಾರದು.

ಒಂದು ಉದಾಹರಣೆ

'ಶಿನ್‌ಚಾನ್' ಎಂಬ ಜಪಾನಿನ ಕಾರ್ಟೂನನ್ನು ಬಹಳ ಮಕ್ಕಳು ಬಲ್ಲರು. ಅದರ ನಾಯಕ ಐದು ವರ್ಷದ ಹುಡುಗ. ಆದರೆ ಯೊಶಿತೊ ಉಸುಯಿ ಅವರು 1990ರಲ್ಲಿ ಅದನ್ನು ಬರೆಯತೊಡಗಿದ್ದು ದೊಡ್ಡವರು ಓದುವ ವಾರಪತ್ರಿಕೆಗೆ. 1992ರಲ್ಲಿ ಅದು ಜಪಾನಿನ ಟಿ.ವಿ.ಗೆ ಬಂತು. 2006ರಲ್ಲಿ ಭಾರತದಲ್ಲಿ ಮಕ್ಕಳ ಚಾನೆಲ್ಲಿನಲ್ಲಿಯೇ ಪ್ರಸಾರವಾಯಿತು. ಹುಡುಗ ತಾಯಿಗೆ ಎದುರುತ್ತರ ಕೊಡುವುದು, ನಾಚಿಕೆ ಬಿಟ್ಟು ವರ್ತಿಸುವುದು ಕಂಡು ಪೋಷಕರು ದೂರಿದರು. 2008ರಲ್ಲಿ ಪ್ರಸಾರ ನಿಂತಿತು. ಮುಂದೆ ಕೆಲವು ಭಾಗಗಳನ್ನು ಕತ್ತರಿಸಿದ ಮೇಲೆ ಮತ್ತೆ ಬಂತು. ನಾಯಕ ಮಗುವಾದರೆ ಕಥೆಯೂ ಮಕ್ಕಳದ್ದೇ ಆಗಬೇಕೆಂದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ವಯಸ್ಸಿನ ಗುರುತು ನೋಡಿ

ಎಳೆಗರುವಿಗೆ ಹಾಲು ಕುಡಿಸುತ್ತೀರಿ. ದೊಡ್ಡ ಹಸುವಿನ ಹಿಂಡಿಯನ್ನು ಅದರ ಮುಂದೆ ಇಡುವುದಿಲ್ಲ. ಕಾರ್ಟೂನಿಗೂ ಹೀಗೆ ವಯಸ್ಸಿನ ಲೆಕ್ಕವಿದೆ. ಕೇಂದ್ರ ಸರ್ಕಾರದ 2021ರ ನಿಯಮಗಳಂತೆ ಇಂಟರ್‌ನೆಟ್ಟಿನ ಸಿನಿಮಾ, ಧಾರಾವಾಹಿ ಆ್ಯಪುಗಳು ತಮ್ಮ ಕಾರ್ಯಕ್ರಮಗಳಿಗೆ 'ಯು', 'ಯು/ಎ 7+', 'ಯು/ಎ 13+', 'ಯು/ಎ 16+', 'ಎ' ಎಂಬ ಗುರುತು ಹಾಕಬೇಕು. 'ಯು' ಎಂದರೆ ಎಲ್ಲರಿಗೂ ಸರಿ; 'ಎ' ಎಂದರೆ ವಯಸ್ಕರಿಗೆ ಮಾತ್ರ. 13+ ಮತ್ತು ಅದಕ್ಕೆ ಮೇಲ್ಪಟ್ಟವುಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯವೂ ಇರಬೇಕು.

ಆದರೆ ಯೂಟ್ಯೂಬಿನಲ್ಲಿ ಯಾರು ಬೇಕಾದರೂ ಹಾಕುವ ವಿಡಿಯೋಗಳಿಗೆ ಈ ಗುರುತು ಇರುವುದಿಲ್ಲ. ಮಕ್ಕಳಿಗೆ ಪರಿಚಿತವಾದ ಬೊಂಬೆಗಳನ್ನೇ ಬಳಸಿ ಹೆದರಿಸುವ, ಅಸಹ್ಯ ಹುಟ್ಟಿಸುವ ವಿಡಿಯೋಗಳು ಅಲ್ಲಿ ಹರಡಿದ್ದು 2017ರಲ್ಲಿ ಬಯಲಾಗಿ, ಅನೇಕವನ್ನು ತೆಗೆದುಹಾಕಲಾಯಿತು. ಒಂದು ಮುಗಿದೊಡನೆ ಇನ್ನೊಂದು ತಾನಾಗಿ ಬರುವ 'ಆಟೋಪ್ಲೇ'ಯನ್ನು ನಿಲ್ಲಿಸಿಯೇ ಮೊಬೈಲು ಕೊಡಿ.

ನೀವೇ ಪರೀಕ್ಷಿಸಿ

ಮಗುವಿನ ಜೊತೆ ಕುಳಿತು ಒಂದು ಕಂತನ್ನು ಪೂರ್ತಿ ನೋಡಿ. ಈ ಅಂಶಗಳನ್ನು ಗಮನಿಸಿ:

1. ಏಟು ತಿಂದವರಿಗೆ ನೋವಾಗುತ್ತದೆಯೇ? 1940ರಲ್ಲಿ ಆರಂಭವಾದ 'ಟಾಮ್ ಅಂಡ್ ಜೆರ್ರಿ' ಚಿತ್ರಗಳಲ್ಲಿ ಬೆಕ್ಕು ಅಪ್ಪಚ್ಚಿಯಾದರೂ ಮರುಕ್ಷಣ ಎದ್ದು ಓಡುತ್ತದೆ. ದೊಡ್ಡವರಿಗೆ ಅದು ನಗೆ. ಕಥೆಗೂ ನಿಜಕ್ಕೂ ಇರುವ ವ್ಯತ್ಯಾಸ ಎಳೆಯ ಮಗುವಿಗೆ ಪೂರ್ತಿ ತಿಳಿಯದು. ನಮ್ಮ ಮನೆಗಳಲ್ಲಿ ಮೇವು ಕತ್ತರಿಸುವ ಯಂತ್ರವಿದೆ, ತೋಟದಲ್ಲಿ ಕೃಷಿ ಹೊಂಡವಿದೆ. ಅಲ್ಲಿ ಬಿದ್ದವರು ಬೊಂಬೆಯಂತೆ ಎದ್ದು ಬರುವುದಿಲ್ಲ. ಇದನ್ನು ಮಗುವಿಗೆ ಬಿಡಿಸಿ ಹೇಳಿ.

2. ಜಗಳವೆಲ್ಲ ಹೊಡೆತದಿಂದಲೇ ಮುಗಿಯುತ್ತದೆಯೇ? ಹೈದರಾಬಾದಿನಲ್ಲಿ ತಯಾರಾಗಿ 2008ರಿಂದ ಬಂದ 'ಛೋಟಾ ಭೀಮ್'ನಲ್ಲಿ ಗೆಳೆತನ, ನೆರವು ಇವೆ, ಗುದ್ದಾಟವೂ ಇದೆ. ಮಗು ಯಾವುದನ್ನು ಅನುಕರಿಸುತ್ತಿದೆ ಎಂದು ನೋಡಿ.

3. ಹಿರಿಯರನ್ನು, ಕಪ್ಪಗಿರುವವರನ್ನು, ದಪ್ಪಗಿರುವವರನ್ನು ಹಂಗಿಸಿ ನಗಿಸುತ್ತಾರೆಯೇ?

4. ನೋಡಿದ ಮೇಲೆ ಮಗು ಹೇಗಿದೆ? ರಾತ್ರಿ ಬೆಚ್ಚಿ ಏಳುವುದು, ಒಬ್ಬನೇ ಹಿತ್ತಲಿಗೆ ಹೋಗಲು ಅಂಜುವುದು, ತಮ್ಮತಂಗಿಯರನ್ನು ಗುದ್ದುವುದು ಶುರುವಾಗಿದ್ದರೆ ಆ ಕಾರ್ಟೂನನ್ನು ನಿಲ್ಲಿಸಿ ನೋಡಿ.

5. ಕಥೆ ಏನೆಂದು ಮಗುವನ್ನೇ ಕೇಳಿ. ಹೇಳಲು ಬಾರದಿದ್ದರೆ ಅದು ಅದರ ವಯಸ್ಸಿಗೆ ಮೀರಿದ್ದಿರಬಹುದು.

ಎಷ್ಟು ಹೊತ್ತು?

ಒಳ್ಳೆಯ ಕಾರ್ಟೂನಿಗೂ ಮಿತಿ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆಯಂತೆ, ಎರಡು ವರ್ಷ ತುಂಬದ ಮಕ್ಕಳಿಗೆ ಟಿ.ವಿ., ಮೊಬೈಲು ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು.

ಬೇಡವೆನಿಸಿದ್ದನ್ನು ಮಗುವಿನ ಕೈಯಿಂದ ಕಿತ್ತುಕೊಂಡು ಬಯ್ಯಬೇಡಿ. ಏಕೆ ಬೇಡವೆಂದು ತಿಳಿಸಿ, ಬದಲಿಗೆ ಬೇರೆ ಕೆಲಸ ಕೊಡಿ. ಸಂಜೆ ಹಾಲು ಹಾಕಲು ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ. ಹಾಲನ್ನು ಹೇಗೆ ಪರೀಕ್ಷಿಸುತ್ತಾರೆಂದು ತೋರಿಸಿ. ದಾರಿಯಲ್ಲಿ ಒಂದು ಕಥೆ ಹೇಳಿ. ಅಪ್ಪ ಅಮ್ಮನ ಬಾಯಿಂದ ಕೇಳಿದ ಕಥೆ ಮಗುವಿನ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ.