ಎರಡು ಬೀದಿ, ಒಂದೇ ಗಿನಿ

ಒಂದು ಬೀದಿಯಲ್ಲಿ ಐದು ಮನೆ. ನಾಲ್ಕು ಮನೆಗಳ ತಿಂಗಳ ಆದಾಯ ಹತ್ತು ಹತ್ತು ಸಾವಿರ ರೂಪಾಯಿ, ಐದನೆಯದರದು ಅರವತ್ತು ಸಾವಿರ. ಈ ಅಂಕಿಗಳನ್ನು ‘ಆರ್’ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟು, ‘ಇನೆಕ್’ ಪ್ಯಾಕೇಜಿನ ಒಂದು ಸಾಲಿನ ಆದೇಶ ಬರೆದರೆ ತಕ್ಷಣ ಉತ್ತರ ಬರುತ್ತದೆ: 0.4. ಇದೇ ಅಸಮಾನತೆಯನ್ನು ಅಳೆಯುವ ಗಿನಿ ಸೂಚ್ಯಂಕ. ಎಲ್ಲರ ಆದಾಯ ಸಮನಾಗಿದ್ದರೆ ಸೊನ್ನೆ. ಎಲ್ಲವೂ ಒಬ್ಬರ ಕೈಸೇರಿದರೆ ಒಂದರ ಹತ್ತಿರ.

ಪಕ್ಕದ ಬೀದಿಯಲ್ಲೂ ಐದು ಮನೆ. ಒಂದಕ್ಕೆ ಆದಾಯವೇ ಇಲ್ಲ. ಉಳಿದವಕ್ಕೆ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಸಾವಿರ. ಉತ್ತರ ಮತ್ತೆ 0.4! ಅಲ್ಲೊಬ್ಬ ಸಾಹುಕಾರ, ಇಲ್ಲೊಂದು ಒಲೆ ಹೊತ್ತದ ಮನೆ. ಗಿನಿಯ ಲೆಕ್ಕದಲ್ಲಿ ಎರಡೂ ಒಂದೇ.

ಹೀಗೇಕೆ? 1905ರಲ್ಲಿ ಅಮೆರಿಕದ ಮ್ಯಾಕ್ಸ್ ಲೊರೆಂಜ್, ಜನರಲ್ಲಿ ಇಷ್ಟು ಭಾಗದವರ ಕೈಯಲ್ಲಿ ಸಂಪತ್ತಿನ ಎಷ್ಟು ಪಾಲಿದೆ ಎಂಬುದನ್ನು ಒಂದು ಗೆರೆಯಾಗಿ ಎಳೆದು ತೋರಿಸಿದ. ಸಮಾನತೆಯ ನೇರ ಗೆರೆಗೂ ಈ ಬಾಗಿದ ಗೆರೆಗೂ ನಡುವಿನ ಜಾಗದ ಎರಡು ಪಟ್ಟೇ ಇಟಲಿಯ ಕೊರಾಡೊ ಗಿನಿಯ ಅಂಕಿ. ಜಾಗ ಎಷ್ಟೆಂಬುದಷ್ಟೇ ಅದಕ್ಕೆ ಬೇಕು. ಗೆರೆ ಎಲ್ಲಿ ಬಾಗಿದೆ ಎಂಬುದಲ್ಲ.

ಬ್ರಿಟನ್ನಿನ ಟೋನಿ ಅಟ್ಕಿನ್ಸನ್ 1970ರಲ್ಲಿ ಕೊಟ್ಟ ಸೂಚ್ಯಂಕ ಬಡವರ ಕಡೆ ಹೆಚ್ಚು ಗಮನ ಕೊಡುತ್ತದೆ. ಆದೇಶದಲ್ಲಿ ಗಿನಿ ತೆಗೆದು ಅಟ್ಕಿನ್ಸನ್ ಎಂದು ಬರೆದರೆ ಮೊದಲ ಬೀದಿಗೆ 0.17, ಎರಡನೆಯದಕ್ಕೆ 0.24. ಎಷ್ಟು ಹೆಚ್ಚು ಗಮನ ಎಂಬುದನ್ನು ನಾವೇ ಹೇಳಬೇಕು. ಹೇಳದಿದ್ದರೆ ಪ್ಯಾಕೇಜ್ ತಾನೇ 0.5 ಎಂದುಕೊಳ್ಳುತ್ತದೆ. ಬಡವರ ಮೇಲಿನ ಕಾಳಜಿಗೂ ಒಂದು ಡಿಫಾಲ್ಟ್!

ಆದರೆ ಭಾರತದ ಮಟ್ಟಿಗೆ ದೊಡ್ಡ ತಕರಾರು ಸೂತ್ರದ್ದಲ್ಲ, ಅದಕ್ಕೆ ಉಣಿಸುವ ದತ್ತಾಂಶದ್ದು. ಸರ್ಕಾರದ 2023–24ರ ಗೃಹ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಗಿನಿ ಹಳ್ಳಿಗಳಲ್ಲಿ 0.237, ನಗರಗಳಲ್ಲಿ 0.284. ಆದರೆ ಇದು ಖರ್ಚಿನ ಲೆಕ್ಕ. ತಿಂಗಳಿಗೆ ಹತ್ತು ಲಕ್ಷ ದುಡಿಯುವವರು ಹತ್ತು ಲಕ್ಷದ ಅನ್ನ ಉಣ್ಣುವುದಿಲ್ಲ. ಮಿಕ್ಕಿದ್ದು ಷೇರಿಗೋ ಸೈಟಿಗೋ ಹೋಗುತ್ತದೆ, ಬಳಕೆಯ ಲೆಕ್ಕಕ್ಕೆ ಸಿಗುವುದಿಲ್ಲ. ತೆರಿಗೆ ದಾಖಲೆಗಳನ್ನೂ ಸೇರಿಸಿ ಆದಾಯವನ್ನು ಅಂದಾಜಿಸುವ ವಿಶ್ವ ಅಸಮಾನತಾ ದತ್ತಾಂಶಕೋಶದ ಪ್ರಕಾರ 2023ರಲ್ಲಿ ಭಾರತದ ಗಿನಿ ಸುಮಾರು 0.62.

ಈ ಅಂಕಿಯೂ ಪ್ರಶ್ನಾತೀತವಲ್ಲ. ನಮ್ಮಲ್ಲಿ ರಿಟರ್ನ್ ಸಲ್ಲಿಸುವವರೇ ಕಡಿಮೆ, ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆಯಿಲ್ಲ. ದಾಖಲೆಗೂ ಸಮೀಕ್ಷೆಗೂ ನಡುವಿನ ಕಂದಕವನ್ನು ಸಂಶೋಧಕರು ಊಹೆಗಳಿಂದ ತುಂಬಬೇಕಾಗುತ್ತದೆ. ಅರ್ಥಶಾಸ್ತ್ರಜ್ಞರ ಜಗಳವೆಲ್ಲ ಈಗ ಆ ಊಹೆಗಳ ಮೇಲೆಯೇ.